ಜಕ್ಕವಕ್ಕಿ ಮತ್ತು ತೋಳ: ಎರಡು ಸಂಸಾರಗಳ ಹೋಲಿಕೆ

ವಿರಹವನ್ನು ಬಣ್ಣಿಸಲು ಕವಿಗಳು ಜಕ್ಕವಕ್ಕಿಯನ್ನು ನೆನೆದರು. ಮಕ್ಕಳನ್ನು ಹೆದರಿಸಲು ಹಿರಿಯರು ತೋಳದ ಹೆಸರೆತ್ತಿದರು. ಒಂದು ಕಾಡುಬಾತು, ಇನ್ನೊಂದು ಬೇಟೆಯ ಪ್ರಾಣಿ. ಆದರೂ ಸಂಸಾರದ ವಿಷಯದಲ್ಲಿ ಇವೆರಡಕ್ಕೂ ಇರುವ ಸಾಮ್ಯ ಅಚ್ಚರಿ ಹುಟ್ಟಿಸುವಂಥದು.

ಚಕ್ರವಾಕವೆಂದೂ ಕರೆಯಲಾಗುವ ಜಕ್ಕವಕ್ಕಿ ಕಿತ್ತಳೆಗಂದು ಮೈಬಣ್ಣದ, ಒಂದೂವರೆ ಕಿಲೋದ ಆಸುಪಾಸಿನ ಹಕ್ಕಿ. ಲಡಾಖ್, ಟಿಬೆಟ್ ಹಾಗೂ ಮಧ್ಯ ಏಷ್ಯಾದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ನದಿ, ಕೆರೆಗಳಿಗೆ ಬರುತ್ತದೆ. ಇರುಳಾದೊಡನೆ ಗಂಡು ಹೆಣ್ಣು ಅಗಲಿ, ಬೆಳಗಾಗುವವರೆಗೆ ಎರಡು ದಡಗಳಿಂದ ಕೂಗಿಕೊಳ್ಳುತ್ತವೆ ಎಂಬುದು ಕವಿಸಮಯ ಮಾತ್ರ. ರಾತ್ರಿಯೂ ಮೇಯುತ್ತ ಕೂಗುವ ಅಭ್ಯಾಸವೇ ಈ ಕಲ್ಪನೆಗೆ ಮೂಲವಿರಬಹುದು. ವಾಸ್ತವದಲ್ಲಿ ಜೋಡಿ ಬಹುಕಾಲ ಒಟ್ಟಿಗೇ ಬಾಳುತ್ತದೆ.

ತೋಳದ ಹಿಂಡೂ ಮೂಲತಃ ಒಂದು ಗಂಡು, ಒಂದು ಹೆಣ್ಣು ಹಾಗೂ ಅವುಗಳ ಮಕ್ಕಳ ಕುಟುಂಬವೇ. ಸುಮಾರು ಎರಡು ತಿಂಗಳ ಗರ್ಭದ ನಂತರ ಹೆಣ್ಣು ಗುಹೆಯಲ್ಲೋ ಬಿಲದಲ್ಲೋ ಮರಿ ಹಾಕುತ್ತದೆ. ಗಂಡು ತಿಂದ ಮಾಂಸವನ್ನು ತಂದು ಕಾರಿ ಉಣಿಸುತ್ತದೆ. ಹಿಂದಿನ ವರ್ಷದ ಮಕ್ಕಳೂ ತಮ್ಮ ತಂಗಿಯರನ್ನು ಸಾಕಲು ನೆರವಾಗುತ್ತವೆ. ಜಕ್ಕವಕ್ಕಿಯೂ ಬಯಲಲ್ಲಿ ಗೂಡು ಕಟ್ಟುವುದಿಲ್ಲ. ಬಂಡೆಯ ಪೊಟರೆ, ಕೆಲವೊಮ್ಮೆ ನರಿ ತೋಡಿ ಬಿಟ್ಟ ಬಿಲ ಅದಕ್ಕೆ ಹೆರಿಗೆಮನೆ. ಹೆಣ್ಣು ನಾಲ್ಕು ವಾರ ಕಾವು ಕೂರುತ್ತದೆ, ಗಂಡು ಹತ್ತಿರದಲ್ಲೇ ಕಾವಲಿರುತ್ತದೆ. ಮರಿಗಳ ಹೊಣೆ ಇಬ್ಬರದೂ.

ಆಹಾರದಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಹಕ್ಕಿಗೆ ಹುಲ್ಲು, ಕಾಳು, ಕೀಟ. ತೋಳಕ್ಕೆ ಕೃಷ್ಣಮೃಗ, ಮೊಲ, ಅವು ಸಿಗದಿದ್ದರೆ ಕುರಿ.

ಇನ್ನೊಂದು ಸಾಮ್ಯ ಹೆಚ್ಚು ಗಂಭೀರವಾದುದು. ಎರಡಕ್ಕೂ ದಟ್ಟ ಕಾಡು ಬೇಕಿಲ್ಲ, ಕಣ್ಣು ಹಾಯುವಷ್ಟು ತೆರೆದ ನೆಲ ಬೇಕು. ಹಕ್ಕಿಗೆ ಮರಳ ದಡ, ತೋಳಕ್ಕೆ ಹುಲ್ಲುಗಾವಲು ಮತ್ತು ಕುರುಚಲು. ಸರ್ಕಾರಿ ಕಡತಗಳಲ್ಲಿ ಇಂಥ ನೆಲ ಬಹುತೇಕ 'ಬೀಳು'. ಮರಳು ತೆಗೆಯಲು, ಕೈಗಾರಿಕೆ ಸ್ಥಾಪಿಸಲು, ಗಿಡ ನೆಡಲು ಮೊದಲು ನೆನಪಾಗುವುದೂ ಅದೇ. ಜಕ್ಕವಕ್ಕಿಯ ನೆಲೆ ಹಲವು ದೇಶಗಳಲ್ಲಿ ಹರಡಿರುವುದರಿಂದ ಅದಕ್ಕೆ ಸದ್ಯ ಅಳಿವಿನ ಭಯವಿಲ್ಲ. ಭಾರತೀಯ ತೋಳಗಳಾದರೋ ದೇಶದಲ್ಲಿ ಉಳಿದಿರುವುದು ಅಂದಾಜು ಮೂರು ಸಾವಿರ, ಅಂದರೆ ಹುಲಿಗಿಂತಲೂ ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಹೆಸರಿದ್ದರೂ ಅದು ಓಡಾಡುವ ಬಯಲಿಗೆ ಆ ರಕ್ಷಣೆ ದೊರೆತಿರುವುದು ವಿರಳ. ಮೇಲುಕೋಟೆಯ ವನ್ಯಧಾಮ ಹಾಗೂ 2025ರಲ್ಲಿ ಘೋಷಿತವಾದ ಕೊಪ್ಪಳ ಜಿಲ್ಲೆಯ ಬಂಕಾಪುರ ತೋಳಧಾಮ ರಾಜ್ಯದ ಮಟ್ಟಿಗೆ ಅಂಥ ಅಪವಾದಗಳು. ಬಂಕಾಪುರದ ವಿಸ್ತೀರ್ಣ ಸುಮಾರು 332 ಹೆಕ್ಟೇರ್. ಒಂದು ಹಿಂಡು ಸುತ್ತಾಡುವ ಪ್ರದೇಶ ಅದಕ್ಕಿಂತ ಹಲವು ಪಟ್ಟು ದೊಡ್ಡದು.