ಸಗರನಾಡಿನ ರೊಟ್ಟಿಯೂ ಮೆಕ್ಸಿಕೋ ದೇಶದ ರೊಟ್ಟಿಯೂ

ಭೀಮಾ ಕೃಷ್ಣಾ ನದಿಗಳ ನಡುವಣ ನೆಲಕ್ಕೆ ಸಗರನಾಡೆಂಬ ಹೆಸರು ರೂಢಿಯಲ್ಲಿದೆ. ಶಹಾಪುರ ಸುರಪುರಗಳು ಈ ನಾಡಿನ ಮುಖ್ಯ ಪಟ್ಟಣಗಳು. ಶಹಾಪುರದಿಂದ ಯಾದಗಿರಿಗೆ ಹೋಗುವ ಮಾರ್ಗದಲ್ಲಿರುವ ದೋರನಹಳ್ಳಿಯು ಇದೇ ನಾಡಿನ ಒಂದು ದೊಡ್ಡ ಗ್ರಾಮ. ಇಲ್ಲಿಯ ಜನರ ಮುಖ್ಯಾಹಾರವು ಜೋಳದ ರೊಟ್ಟಿಯೆಂಬುದೂ, ನದೀತೀರದ ಕಬ್ಬಲಿಗರು ಗಂಗಾಮತಸ್ಥರು ಮುಂತಾದವರು ಬಹುಕಾಲದಿಂದ ದೋಣಿ ನಡೆಸುತ್ತ ಮೀನು ಹಿಡಿಯುತ್ತ ಬಂದವರೆಂಬುದೂ ವಾಚಕರಿಗೆ ತಿಳಿದ ಸಂಗತಿಗಳೇ. ಈಚೆಗೆ, ಮೆಕ್ಕೆಜೋಳದ ತೆಳುರೊಟ್ಟಿಯಲ್ಲಿ ಹುರಿದ ಮೀನನ್ನಿಟ್ಟು ಮಡಿಸಿ ತಿನ್ನುವ ‘ಟಾಕೋ’ ಎಂಬ ಮೆಕ್ಸಿಕೋ ದೇಶದ ಭಕ್ಷ್ಯವನ್ನು ನಮ್ಮವರೂ ಮನೆಗಳಲ್ಲಿ ಮಾಡತೊಡಗಿದ್ದಾರೆ. ಇದನ್ನು ಕಂಡವರಲ್ಲಿ ಎರಡು ಪಕ್ಷಗಳು ಹುಟ್ಟಿವೆ. ಮೆಕ್ಕೆಜೋಳವು ಹೊಯ್ಸಳರ ಕಾಲಕ್ಕೇ ನಮ್ಮಲ್ಲಿತ್ತು, ಆದಕಾರಣ ಈ ರೊಟ್ಟಿಯೂ ನಮ್ಮದೇ ಎಂಬುದು ಒಂದು ಪಕ್ಷ. ಎರಡು ರೊಟ್ಟಿಗಳೂ ಇಷ್ಟು ಸಮಾನವಾಗಿರುವುದರಿಂದ ನಮ್ಮ ರೊಟ್ಟಿಯೇ ಆ ಕಡೆಯಿಂದ ಬಂದುದೆಂಬುದು ಇನ್ನೊಂದು. ಎರಡೂ ಪ್ರಮಾಣಕ್ಕೆ ನಿಲ್ಲುವುವಲ್ಲ. ಅದು ಹೇಗೆಂಬುದನ್ನು ಶಬ್ದ, ಶಿಲ್ಪ, ಪಾಕಕ್ರಮ ಇವುಗಳಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. ‘ಜೋಳ’ ಎಂಬುದು ಕನ್ನಡದಲ್ಲಿ ಪ್ರಾಚೀನವಾದ ಮಾತು. ತಮಿಳಿನ ‘ಚೋಳಂ’, ತೆಲುಗಿನ ‘ಜೊನ್ನ’, ಸಂಸ್ಕೃತದ ‘ಯಾವನಾಲ’ ಇವು ಇದರೊಡನೆ ಸೇರಿಸಿ ನೋಡತಕ್ಕವು. ಪಂಪನು ಕ್ರಿ. ಶ. 941ರ ತನ್ನ ಭಾರತದಲ್ಲಿ ‘ಜೋಳದ ಪಾಳಿ’ಯನ್ನು ಹೇಳುತ್ತಾನೆ. ಉಂಡ ಜೋಳಕ್ಕೆ ಪ್ರತಿಯಾಗಿ ಒಡೆಯನಿಗಾಗಿ ಪ್ರಾಣವನ್ನೊಪ್ಪಿಸುವ ವೀರಧರ್ಮವೆಂದು ಅದರ ಅರ್ಥ. ಜೋಳವಾಳಿ ಎಂದೂ ಇದಕ್ಕೆ ಹೆಸರುಂಟು. ಅನ್ನದ ಋಣ, ಉಪ್ಪಿನ ಋಣ ಎನ್ನುವ ದೇಶಗಳು ಹಲವು. ಋಣಕ್ಕೆ ಜೋಳದ ಹೆಸರನ್ನಿಟ್ಟ ನಾಡು ಯಾವ ಧಾನ್ಯದ ಮೇಲೆ ನಿಂತಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಇಲ್ಲಿಯ ಜೋಳವು ಇಂದಿನ ಬಿಳಿಜೋಳದ ಜಾತಿಯದೇ ಹೊರತು ಮೆಕ್ಕೆಜೋಳವಲ್ಲ.

ಮೆಕ್ಕೆಜೋಳಕ್ಕಾದರೋ ಸ್ವತಂತ್ರವಾದ ಒಂದು ಹೆಸರೂ ನಮ್ಮ ಭಾಷೆಯಲ್ಲಿಲ್ಲ. ಮೆಕ್ಕೆಜೋಳ, ಗೋವಿನಜೋಳ, ಮುಸುಕಿನಜೋಳ ಎಂಬ ಮೂರು ಹೆಸರುಗಳೂ ಹಳೆಯ ಜೋಳಕ್ಕೆ ಒಂದೊಂದು ವಿಶೇಷಣವನ್ನು ಹಚ್ಚಿ ಮಾಡಿದವು. ಮನೆಗೆ ಹೊಸದಾಗಿ ಬಂದವನನ್ನು ಇದ್ದವನ ಹೆಸರಿನಿಂದಲೇ ಗುರುತಿಸುವ ಕ್ರಮವಿದು. ‘ಮೆಕ್ಕೆ’ ಎಂದರೆ ಸೌತೆಯ ಒಂದು ಜಾತಿಯೆಂಬ ಅರ್ಥ ಕನ್ನಡದಲ್ಲುಂಟು. ಆದರೆ ಅದನ್ನಿಲ್ಲಿ ತರುವುದು ಯುಕ್ತವಲ್ಲ. ತೆಲುಗಿನಲ್ಲಿ ಮೊಕ್ಕಜೊನ್ನ, ತಮಿಳಿನಲ್ಲಿ ಮಕ್ಕಾಚ್ಚೋಳಂ, ಮರಾಠಿಯಲ್ಲಿ ಮಕಾ, ಹಿಂದಿಯಲ್ಲಿ ಮಕಈ ಎಂದಿರುವುದನ್ನು ನೋಡಿದರೆ, ಅರಬರ ಮಕ್ಕಾನಗರದ ಹೆಸರು ಈ ಧಾನ್ಯಕ್ಕೆ ಅಂಟಿತೆಂಬ ಪಂಡಿತರ ಊಹೆಯೇ ಗ್ರಾಹ್ಯವಾಗಿ ತೋರುತ್ತದೆ. ಸಮುದ್ರದಾಚೆಯಿಂದ ಬಂದ ವಸ್ತುವಿಗೆ, ಅದು ಬಂದಿತೆಂದು ಜನರು ನಂಬಿದ ಸ್ಥಳದ ಹೆಸರನ್ನಿಡುವುದು ಎಲ್ಲ ದೇಶಗಳಲ್ಲಿಯೂ ಉಂಟು. ಇಟಲಿಯವರು ಇದೇ ಧಾನ್ಯವನ್ನು ‘ತುರ್ಕರ ಧಾನ್ಯ’ವೆನ್ನುತ್ತಾರೆ, ತುರ್ಕರಿಗೂ ಅದರ ಜನ್ಮಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ. ಇನ್ನು ‘ಗೋವಿನಜೋಳ’ವನ್ನು ಕೆಲವರು ‘ಗೋವೆಯಿಂದ ಬಂದ ಜೋಳ’ವೆಂದು ಬಿಡಿಸುತ್ತಾರೆ. ಪೋರ್ತುಗೀಸರು 1510ರಲ್ಲಿ ಗೋವೆಯನ್ನು ಹಿಡಿದುದು ಸತ್ಯವೇ, ಅವರ ಹಡಗುಗಳಲ್ಲಿ ಹೊಸ ಖಂಡದ ಪೈರುಗಳು ಬಂದುದೂ ಸತ್ಯವೇ. ಆದರೂ ‘ಗೋವೆ’ ಎಂಬುದು ಎಕಾರಾಂತವಾದುದರಿಂದ ಷಷ್ಠಿಯಲ್ಲಿ ‘ಗೋವೆಯ’ ಎಂದಾಗಬೇಕೇ ಹೊರತು ‘ಗೋವಿನ’ ಎಂದಾಗದು. ದನಗಳಿಗೆ ಮೇವಾಗುವ ಜೋಳವೆಂಬ ಅರ್ಥವೇ ವ್ಯಾಕರಣಸಮ್ಮತ. ಚರಿತ್ರೆಯಲ್ಲಿ ಸತ್ಯವಾದುದನ್ನು ಸಾಧಿಸುವುದಕ್ಕಾಗಿ ವಿಭಕ್ತಿಯನ್ನು ಕೆಡಿಸಬೇಕಾಗಿಲ್ಲ.

ಇನ್ನು ಶಿಲ್ಪ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಸೋಮನಾಥಪುರದ ಕೇಶವಾಲಯದಲ್ಲಿ, ಕೆಲವು ಮೂರ್ತಿಗಳ ಕೈಯಲ್ಲಿ ಸಾಲುಸಾಲಾದ ಮಣಿಗಳಿರುವ, ನೀಳವಾದ, ತುದಿ ಚೂಪಾದ ಒಂದು ಫಲವಿದೆ. ಅಮೆರಿಕೆಯ ಜೋಹಾನೆಸನ್ ಮತ್ತು ಪಾರ್ಕರ್ ಎಂಬ ವಿದ್ವಾಂಸರು 1989ರಲ್ಲಿ ಇದು ಮೆಕ್ಕೆಜೋಳದ ತೆನೆಯೇ ಎಂದು ಸಾಧಿಸಲು ಹೊರಟರು. ಕೊಲಂಬಸನು ಸಮುದ್ರವನ್ನು ದಾಟಿದುದು 1492ರಲ್ಲಿ. ಆದ್ದರಿಂದ ಈ ವಾದವು ಸಿದ್ಧಿಸಿದ್ದರೆ ಎರಡು ಖಂಡಗಳ ಚರಿತ್ರೆಯನ್ನು ಮತ್ತೆ ಬರೆಯಬೇಕಾಗುತ್ತಿತ್ತು. ನಮ್ಮ ದೇಶದ ಸಸ್ಯಶಾಸ್ತ್ರಜ್ಞರಾದ ಪಾಯಕ್ ಮತ್ತು ಸಚಾನ್ ಎಂಬವರು 1993ರಲ್ಲಿ ಇದನ್ನು ಖಂಡಿಸಿ, ಅದು ಮುತ್ತುಗಳಿಂದಾದ ಕಲ್ಪಿತಫಲ, ಅರ್ಥಾತ್ ಮುಕ್ತಾಫಲ, ಎಂದರು. ನಮಗೂ ಖಂಡನೆಯ ಪಕ್ಷವೇ ಸರಿಯೆಂದು ತೋರುತ್ತದೆ. ದೇವತೆಗಳ ಕೈಯಲ್ಲಿ ಮಾದಲದ ಹಣ್ಣನ್ನಿಡುವುದು ಶಿಲ್ಪಶಾಸ್ತ್ರದಲ್ಲಿ ವಿಹಿತವಾದುದು. ಅದನ್ನು ರತ್ನಗಳಿಂದ ತುಂಬಿ ಅಲಂಕರಿಸುವುದು ಹೊಯ್ಸಳರ ಉಳಿಯ ಸ್ವಭಾವ. ಒಂದು ಧಾನ್ಯವು ದೇವರ ಹಸ್ತವನ್ನು ಸೇರುವಷ್ಟು ಮಾನ್ಯವಾಗಿದ್ದರೆ ಅದು ಹೊಲದಲ್ಲಿರಬೇಕು, ತೆರಿಗೆಯ ಶಾಸನದಲ್ಲಿರಬೇಕು, ನಿಘಂಟಿನಲ್ಲಿರಬೇಕು, ಅಡುಗೆಯ ಗ್ರಂಥದಲ್ಲಿರಬೇಕು. ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ಲೋಕೋಪಕಾರದ ಸೂಪಪ್ರಕರಣದಲ್ಲಿ ಅದಿಲ್ಲ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮಂಗರಸನು ಬರೆದ ಸೂಪಶಾಸ್ತ್ರದಲ್ಲಿ ಪಿಷ್ಟಪಾಕಕ್ಕೇ ಒಂದು ಅಧ್ಯಾಯವಿದೆ. ರೊಟ್ಟಿಯ ಭೇದಗಳು ಅಲ್ಲಿ ಹಲವಾಗಿ ಬಂದಿವೆ. ಮೆಕ್ಕೆಜೋಳದ ಸುಳಿವು ಮಾತ್ರವಿಲ್ಲ. ಕಲ್ಲಿನಲ್ಲಿ ಮಾತ್ರವೇ ಬೆಳೆದ ಬೆಳೆಯನ್ನು ಬೆಳೆಯೆಂದು ಹೇಗೆ ಒಪ್ಪುವುದು?

ಹಾಗಾದರೆ ಸಾಮ್ಯಕ್ಕೆ ಕಾರಣವೇನು? ಸಾಮ್ಯವಿರುವುದಂತೂ ನಿಜ. ಮೆಕ್ಸಿಕೋ ದೇಶದ ಮೂಲನಿವಾಸಿಗಳಾದ ನಹುವರ ಭಾಷೆಯಲ್ಲಿ ಈ ರೊಟ್ಟಿಗೆ ತ್ಲಾಶ್ಕಲ್ಲಿ ಎಂದು ಹೆಸರು. ‘ತೋರ್ತಿಯ’ ಎಂಬುದು ಸ್ಪೇನಿನವರು ಇಟ್ಟ, ‘ಕಿರುರೊಟ್ಟಿ’ ಎಂಬರ್ಥದ ಮಾತು. ಹದಿನಾರನೆಯ ಶತಮಾನದಲ್ಲಿ ಸಹಾಗುನ್ ಎಂಬ ಸ್ಪೇನಿನ ಸಂನ್ಯಾಸಿಯು ನಹುವರಿಂದಲೇ ಕೇಳಿ ಬರೆಯಿಸಿದ ಮಹಾಗ್ರಂಥದಲ್ಲಿ ಸಂತೆಯಲ್ಲಿ ಮಾರುತ್ತಿದ್ದ ರೊಟ್ಟಿಗಳ ಬಗೆಗಳು ವರ್ಣಿತವಾಗಿವೆ. ಅವರ ಅರೆಯುವ ಕಲ್ಲು ಮೆತ್ಲಾತ್ಲ್. ಸುಡುವ ಹಂಚು ಕೊಮಾಲ್ಲಿ. ದೋರನಹಳ್ಳಿಯ ಹೆಂಗಸು ಹಿಟ್ಟಿಗೆ ಕುದಿಯುವ ಎಸರನ್ನು ಹೊಯ್ದು, ನಾದಿ, ಉಂಡೆಯನ್ನು ಅಂಗೈಯಿಂದ ಬಡಿದು ಬಡಿದು ಚಂದ್ರಬಿಂಬದಂತೆ ಹರಡಿಸಿ, ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ನೀರು ಸವರಿ, ತಿರುವಿ ಹಾಕಿ ಉಬ್ಬಿಸುತ್ತಾಳೆ. ಅಲ್ಲಿಯ ಹೆಂಗಸೂ ಅಂಗೈಗಳ ನಡುವೆ ತಟ್ಟಿ ಹಂಚಿನ ಮೇಲೆ ಉಬ್ಬಿಸುತ್ತಾಳೆ. ಇದಕ್ಕೆ ಕಾರಣ ಧಾನ್ಯದ ಸ್ವಭಾವ. ಗೋದಿಯಲ್ಲಿ ನಾದಿದಷ್ಟೂ ಹಿಗ್ಗುವ ಅಂಟಿದೆ. ಜೋಳದಲ್ಲಿಯೂ ಮೆಕ್ಕೆಜೋಳದಲ್ಲಿಯೂ ಅದಿಲ್ಲ. ಅಂಟಿಲ್ಲದ ಹಿಟ್ಟನ್ನು ಬಿಸಿಯಿಂದ ಬೇಯಿಸಿ ಹದಗೊಳಿಸದೆ ತೆಳ್ಳಗೆ ಮಾಡಲಾಗದು. ಎಳೆದರೆ ಹರಿಯುವುದರಿಂದ ತಟ್ಟಿಯೇ ಹರಡಬೇಕು. ಒಂದೇ ತೊಡಕಿಗೆ ಎರಡು ನಾಡಿನ ಕೈಗಳು ಒಂದೇ ಪರಿಹಾರವನ್ನು ಕಂಡವು. ಇಲ್ಲಿ ಋಣವೂ ಇಲ್ಲ, ಕಳವೂ ಇಲ್ಲ.

ಧಾನ್ಯಕ್ಕಿಂತ ಅರೆಯುವ ಕಲ್ಲು ಹಳೆಯದೆಂಬುದನ್ನೂ ಇಲ್ಲಿ ನೆನೆಯಬೇಕು. ಸುರಪುರದ ಸೀಮೆಯ ಬೂದಿಹಾಳದಲ್ಲಿ ಪ್ರಾಧ್ಯಾಪಕ ಕೆ. ಪದ್ದಯ್ಯನವರು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅಗೆದು ತೋರಿಸಿದ ಬೂದಿದಿಬ್ಬವು ನವಶಿಲಾಯುಗದ ಗೋಪಾಲಕರ ನೆಲೆ. ದಕ್ಷಿಣದ ಇಂಥ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳನ್ನು ಪರೀಕ್ಷಿಸಿದವರು, ಅಂದಿನ ಜನರ ಮುಖ್ಯ ಬೆಳೆಗಳು ಕೊರಲೆ, ಹುರುಳಿ, ಹೆಸರು ಮುಂತಾದುವೆಂದು ನಿರ್ಣಯಿಸಿದ್ದಾರೆ. ನಾವು ನಮ್ಮದೆಂದು ಹೆಮ್ಮೆಪಡುವ ಜೋಳವೇ ಆಫ್ರಿಕಾ ಖಂಡದಲ್ಲಿ ಹುಟ್ಟಿ ಆಮೇಲೆ ಬಂದುದು. ಜೋಳವಾಳಿಯ ವೀರರಿಗೆ ಇದು ತಿಳಿದಿರಲಿಲ್ಲ. ತಿಳಿದಿದ್ದರೂ ಋಣವೇನು ಕಡಿಮೆಯಾಗುತ್ತಿರಲಿಲ್ಲ.

ಆದರೆ ಎರಡು ರೊಟ್ಟಿಗಳಿಗೆ ಒಂದು ಮುಖ್ಯವಾದ ಭೇದವುಂಟು, ಅದು ಸುಣ್ಣ. ನಹುವರು ಮೆಕ್ಕೆಜೋಳವನ್ನು ಬರಿಯ ನೀರಿನಲ್ಲಿ ಬೇಯಿಸುತ್ತಿರಲಿಲ್ಲ. ಸುಣ್ಣದ ಇಲ್ಲವೆ ಬೂದಿಯ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಯಿಟ್ಟು, ಸಿಪ್ಪೆಯನ್ನು ತೊಳೆದು, ಹಸಿಯಾಗಿಯೇ ಅರೆಯುತ್ತಿದ್ದರು. ಇದಕ್ಕೆ ನಿಶ್ತಮಲ್ಲಿ ಎಂದು ಹೆಸರು. ಅದರ ಮೊದಲಿನ ಭಾಗವಾದ ‘ನೆಶ್ತ್ಲಿ’ ಎಂದರೆ ಬೂದಿ. ಸ್ಪೇನಿನವರೂ ಪೋರ್ತುಗೀಸರೂ ಕಾಳನ್ನು ಹೊತ್ತು ತಂದರು. ಕ್ರಮವನ್ನು ಅಲ್ಲಿಯೇ ಬಿಟ್ಟು ಬಂದರು. ಇದರ ಫಲ ದಾರುಣವಾಯಿತು. ಹದಿನೆಂಟನೆಯ ಶತಮಾನದಲ್ಲಿ ಸ್ಪೇನ್ ಮತ್ತು ಉತ್ತರ ಇಟಲಿಗಳ ಬಡವರಲ್ಲಿಯೂ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕೆಯ ದಕ್ಷಿಣಭಾಗದಲ್ಲಿಯೂ, ಬಿಸಿಲು ತಾಗಿದೆಡೆಯಲ್ಲಿ ಚರ್ಮ ಕಪ್ಪಾಗಿ ಸುಲಿಯುವ, ಹೊಟ್ಟೆ ಕೆಡುವ, ಕೊನೆಗೆ ಬುದ್ಧಿಯೇ ಕದಡುವ ‘ಪೆಲಾಗ್ರ’ವೆಂಬ ವ್ಯಾಧಿ ಹಬ್ಬಿತು. ನಯಾಸಿನ್ ಎಂಬ ಜೀವಸತ್ತ್ವದ ಅಭಾವದಿಂದ ಇದು ಬರುವುದೆಂದು 1937ರಿಂದೀಚೆಗೆ ಸ್ಪಷ್ಟವಾಯಿತು. ಮೆಕ್ಕೆಜೋಳದಲ್ಲಿ ಆ ಸತ್ತ್ವ ಇದ್ದರೂ ಬಂಧಿತವಾಗಿದೆ. ಸುಣ್ಣವು ಆ ಬಂಧವನ್ನು ಬಿಡಿಸುತ್ತದೆ. ಯಾವ ವೈದ್ಯನ ಉಪದೇಶವೂ ಇಲ್ಲದೆ ಅಲ್ಲಿಯ ಗೃಹಿಣಿಯರು ಇದನ್ನು ಸಾವಿರಾರು ವರ್ಷ ಮಾಡುತ್ತಿದ್ದರು.

ಸಗರನಾಡಿಗೆ ಸುಣ್ಣದ ಬಡತನವಿರಲಿಲ್ಲ. ಭೀಮಾ ತೀರದ ಶಹಾಬಾದಿನ ಹಾಸುಗಲ್ಲೆಲ್ಲ ಸುಣ್ಣದ ಕಲ್ಲೇ. ಎಲೆಯಡಿಕೆಯ ಸಂಚಿಯಲ್ಲಿ ಸುಣ್ಣದ ಡಬ್ಬಿಯಿಲ್ಲದ ಮನೆ ಅಪರೂಪವಾಗಿತ್ತು. ಆದರೂ ಅದು ಮೆಕ್ಕೆಜೋಳದ ಗಡಿಗೆಯನ್ನು ಸೇರಲಿಲ್ಲ. ಏಕೆಂದರೆ ಹೊಸ ಕಾಳು ಹಳೆಯ ಕಾಳಿನ ಹೆಸರನ್ನು ಪಡೆದಂತೆ ಹಳೆಯ ಕಾಳಿನ ಪಾಕವನ್ನೇ ಪಡೆಯಿತು. ಜೋಳವನ್ನು ಬೀಸಿದಂತೆ ಬೀಸಿ, ಜೋಳದಂತೆ ರೊಟ್ಟಿ ಬಡಿದರು. ಹೆಸರಿನ ಜೊತೆಗೆ ಬರುವ ಸಂಸ್ಕಾರವು ಎಷ್ಟು ಬಲವಾದುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಜೋಳವೂ ನಿರ್ದೋಷಿಯಲ್ಲ. ಹೈದರಾಬಾದಿನಲ್ಲಿ ಆಹಾರಸಂಶೋಧನೆ ನಡೆಸಿದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಎಂಬವರು, ದಕ್ಖನ್ನಿನ ಜೋಳವನ್ನೇ ನೆಚ್ಚಿದ ಬಡವರಲ್ಲಿಯೂ ಪೆಲಾಗ್ರ ವ್ಯಾಧಿಯನ್ನು ಕಂಡು 1960ರಲ್ಲಿ ಪ್ರಕಟಿಸಿದರು. ಅದಕ್ಕೆ ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ದ್ರವ್ಯವೇ ಕಾರಣವೆಂಬ ಅವರ ವಾದದಲ್ಲಿ ಮತಭೇದವುಂಟು, ವ್ಯಾಧಿಯಿದ್ದುದರಲ್ಲಿ ಮತಭೇದವಿಲ್ಲ. ರೊಟ್ಟಿಯ ಜೊತೆಗೆ ಬೇಳೆ, ಶೇಂಗಾ, ಮೀನು ಇವುಗಳಲ್ಲಿ ಯಾವುದಾದರೊಂದು ಸಾಕಷ್ಟಿದ್ದ ಮನೆಯನ್ನು ಅದು ಹೊಕ್ಕಲಾರದು. ರೊಟ್ಟಿಗೆ ಬರಿಯ ಖಾರವೇ ಜೊತೆಯಾದ ಮನೆಯನ್ನು ಹುಡುಕಿಕೊಂಡು ಬರುತ್ತಿತ್ತು.

ಮೀನಿನ ಮಾತು ಬಂದುದರಿಂದ ಮಾನಸೋಲ್ಲಾಸವನ್ನು ನೋಡದೆ ಮುಂದೆ ಹೋಗಲಾಗದು. ಪ್ರಕೃತ ಲೇಖಕನ ಮನೆಯಲ್ಲಿ ಮತ್ಸ್ಯಾಹಾರದ ಸಂಪ್ರದಾಯವಿಲ್ಲ. ಆದರೆ ಗ್ರಂಥದಲ್ಲಿರುವುದನ್ನು ತನಗೆ ರುಚಿಸದೆಂದು ಮರೆಮಾಡುವುದು ಪಾಂಡಿತ್ಯಕ್ಕೆ ಸಲ್ಲದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ, ಸಗರನಾಡನ್ನೂ ಒಳಗೊಂಡ ರಾಜ್ಯವನ್ನು ಆಳುತ್ತ, ಐದು ವಿಂಶತಿಗಳ ನೂರು ಅಧ್ಯಾಯಗಳಲ್ಲಿ ಈ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅಭಿಲಷಿತಾರ್ಥ ಚಿಂತಾಮಣಿಯೆಂಬುದು ಇದರ ನಾಮಾಂತರ. ಮತ್ಸ್ಯವಿನೋದವೆಂಬ ಅಧ್ಯಾಯದಲ್ಲಿ ಸುಮಾರು 35 ಜಾತಿಯ ಮೀನುಗಳನ್ನು, ಸಮುದ್ರದವು ನದಿಯವು ಎಂದೂ, ಹುರುಪೆಯುಳ್ಳವು ಇಲ್ಲದವು ಎಂದೂ ವಿಂಗಡಿಸಿ, ಯಾವುದಕ್ಕೆ ಯಾವ ಉಣಿಸು ಎಂಬುದನ್ನೂ ಗಾಳದ ಲಕ್ಷಣವನ್ನೂ ಹೇಳಿದ್ದಾನೆ. ಅನ್ನಭೋಗದ ಅಧ್ಯಾಯದಲ್ಲಿ ಮಂಡಕ ಪೋಳಿಕಾದಿ ಗೋದಿಯ ಭಕ್ಷ್ಯಗಳೂ ಇವೆ, ಮೀನಿನ ಪಾಕವೂ ಇದೆ: ತುಂಡುಗಳನ್ನು ಹುಣಿಸೆಯ ರಸದಲ್ಲಿ ಸಂಸ್ಕರಿಸಿ, ಗೋದಿಯ ಹಿಟ್ಟನ್ನು ಉದುರಿಸಿ, ಕಾದ ಎಣ್ಣೆಯಲ್ಲಿ ಕೆಂಪಗೆ ಹುರಿದು, ಸೈಂಧವಲವಣ, ಮೆಣಸು, ಏಲಕ್ಕಿಗಳ ಪುಡಿಯನ್ನು ಸಿಂಪಡಿಸುವುದು. ಮೆಕ್ಸಿಕೋದ ಪಶ್ಚಿಮತೀರದ ಬಾಹಾ ಪ್ರಾಂತದಲ್ಲಿ ಹಿಟ್ಟಿನಲ್ಲಿ ಅದ್ದಿ ಹುರಿದ ಮೀನನ್ನೇ ಟಾಕೋವಿನಲ್ಲಿ ಇಡುತ್ತಾರೆ. ಸೋಮೇಶ್ವರನ ಮೀನು ಅಲ್ಲಿ ಸಲೀಸಾಗಿ ಸಲ್ಲುತ್ತದೆ. ಒಂದು ಎಚ್ಚರಿಕೆ: ಗ್ರಂಥದ ‘ರೋಹಿತ’ವನ್ನು ಇಂದಿನ ಅಂಗಡಿಯ ರೋಹುವೆಂದು ನಿಶ್ಚಯಿಸಬಾರದು. ಈಗಿನ ರೋಹು ಗಂಗಾಪ್ರದೇಶದ ಮೀನು. ದಕ್ಷಿಣದ ಜಲಾಶಯಗಳಲ್ಲಿ ಅದನ್ನು ಬಿತ್ತಿ ಬೆಳೆಸಿದುದು ಈಚಿನ ಸಂಗತಿ. ‘ಪಾಠೀನ’ವೆಂದು ಹೇಳಿದ ಹುರುಪೆಯಿಲ್ಲದ ದೊಡ್ಡ ಮೀನಿನ ಜಾತಿ, ಅಂದರೆ ನಮ್ಮ ಬಾಳೆಮೀನು, ಕೃಷ್ಣೆಯಲ್ಲಿ ಸಹಜವಾಗಿಯೇ ಇದೆ.

ಮನೆಯಲ್ಲಿ ಮಾಡಬಯಸುವವರಿಗಾಗಿ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದು ಅನುಚಿತವಾಗದು. ಒಣಗಿದ ಮೆಕ್ಕೆಜೋಳ ಒಂದು ಕಿಲೋಗ್ರಾಮಿಗೆ ಸುಮಾರು 10 ಗ್ರಾಮು ಅರಳಿದ, ತಿನ್ನಲು ಯೋಗ್ಯವಾದ ಸುಣ್ಣ, ಮೂರು ಲೀಟರು ನೀರು. ಸುಡುವ ಹಸಿಸುಣ್ಣವನ್ನು ಮುಟ್ಟಬಾರದು. ಮುಕ್ಕಾಲು ಗಂಟೆ ಸಣ್ಣ ಕುದಿಯಲ್ಲಿ ಬೇಯಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಕೈಯಿಂದ ಉಜ್ಜಿ ಎರಡು ಮೂರು ನೀರಿನಲ್ಲಿ ತೊಳೆದು, ಒರಳಿನಲ್ಲಿ ಗಟ್ಟಿಯಾಗಿ ರುಬ್ಬಬೇಕು. ಇದಕ್ಕೆ ಎಸರು ಬೇಕಿಲ್ಲ. ಸುಣ್ಣವೂ ಬೇಯುವಿಕೆಯೂ ಎಸರಿನ ಕೆಲಸವನ್ನು ಆಗಲೇ ಮಾಡಿರುತ್ತವೆ. ನಿಂಬೆಯ ಗಾತ್ರದ ಉಂಡೆಯನ್ನು ತಟ್ಟಿ, ಕಾದ ಹಂಚಿನ ಮೇಲೆ ಬೇಯಿಸಿ, ಬಟ್ಟೆಯಲ್ಲಿ ಸುತ್ತಿಟ್ಟರೆ ಮೆತ್ತಗಿದ್ದು ಮಡಿಕೆಗೆ ಒಗ್ಗುತ್ತದೆ. ಮೀನಿನ ಮೇಲೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ನಿಂಬೆಯ ಹುಳಿ. ಜೋಳದ ಬಿಸಿರೊಟ್ಟಿಯಲ್ಲಿ ಸುತ್ತಿದರೂ ಬಾಧಕವಿಲ್ಲ. ಕಟಿರೊಟ್ಟಿಯಾದರೆ ಮಡಿಸುವ ಮಾತಿಲ್ಲ, ಮುರಿಯುವುದೇ.

ಕಡೆಗೆ ಇನ್ನೊಂದು ಸಂಗತಿಯನ್ನು ಹೇಳಬೇಕು. ನಮ್ಮ ಜೋಳವೂ ಸಮುದ್ರವನ್ನು ದಾಟಿ ಆ ಕಡೆಗೆ ಹೋಗಿದೆ. ಮಧ್ಯ ಅಮೆರಿಕೆಯ ಹೊಂಡುರಾಸ್, ಎಲ್ ಸಾಲ್ವಡೋರ್ ದೇಶಗಳ ಒಣಸೀಮೆಯಲ್ಲಿ, ಮಳೆ ಕೈಕೊಟ್ಟು ಮೆಕ್ಕೆಜೋಳ ಬಾರದ ವರ್ಷಗಳಲ್ಲಿ, ಬಡ ರೈತರು ಜೋಳದ ರೊಟ್ಟಿಯನ್ನು ತಿನ್ನುತ್ತಾರೆ. ಅದಕ್ಕೆ ಅವರು ಇಟ್ಟಿರುವ ಹೆಸರು ‘ಮಾಯ್ಸಿಯೊ’, ಎಂದರೆ ಕಿರು ಮೆಕ್ಕೆಜೋಳ. ಬೀಸುಕಲ್ಲಿಗೆ ಹಾಕಿ ಬೀಸುವ ಧಾನ್ಯವೆಂದು ಅವರು ಬಲ್ಲವರಲ್ಲ. ಸುಣ್ಣದ ನೀರಿನಲ್ಲಿಯೇ ಬೇಯಿಸಿ, ತೊಳೆದು, ಹಸಿಯಾಗಿ ಅರೆದು ತಟ್ಟುತ್ತಾರೆ.