ಬೆಂಜ್ ಲಾರಿ, ಸವಳು ನೀರು ಮತ್ತು ಹೆಡ್ ಗ್ಯಾಸ್ಕೆಟ್

ಗದಗ-ಬೆಟಗೇರಿ ಕಡೆ ಹಳಬರು ಟಾಟಾ ಲಾರಿಗೆ ಈಗಲೂ "ಬೆಂಜ್" ಅಂತಾರೆ. ಅದಕ್ಕೊಂದು ಇತಿಹಾಸ ಇದೆ. 1954ರಲ್ಲಿ ಜಮ್‌ಶೆಡ್‌ಪುರದ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡಿತು. 1969ರಲ್ಲಿ ಒಪ್ಪಂದ ಮುಗಿದು, ಲಾರಿಯ ಮುಂಭಾಗದಲ್ಲಿದ್ದ ಮೂರು ಮೊನೆಯ ನಕ್ಷತ್ರ ಹೋಗಿ ಟಾಟಾದ 'ಟಿ' ಬಂತು. ಹೆಸರು ಮಾತ್ರ ಬಾಯಲ್ಲಿ ಉಳಿಯಿತು.

ಎಂಜಿನ್ ಜರ್ಮನ್ ಮೂಲದ್ದು, ಆದರೆ ಅದಕ್ಕೆ ಕುಡಿಸಿದ್ದು ನಮ್ಮ ನೀರು! ಶಿರಹಟ್ಟಿ, ಮುಂಡರಗಿ ಸೀಮೆಯ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಬೇಳೆ ಬೇಯಿಸುವವರಿಗೆ ಗೊತ್ತು. ಆ ನೀರನ್ನೇ ರೇಡಿಯೇಟರ್‌ಗೆ ಹಾಕಿದರೆ, ಸ್ನಾನದ ಹಂಡೆಯ ಒಳಗಿನಂತೆ ಬಿಳಿ ಪದರ ಕಟ್ಟುತ್ತದೆ. ಶಾಖ ಹೊರಗೆ ಹೋಗುವುದಿಲ್ಲ. ಆಗ ಸುಲಭವಾಗಿ ಸೋಲುವುದು ಹೆಡ್ ಗ್ಯಾಸ್ಕೆಟ್. ಬ್ಲಾಕ್ ಮತ್ತು ಹೆಡ್ ನಡುವಿನ ತೆಳು ಹಾಳೆ ಅದು. ಉರಿಯುವ ಅನಿಲ, ನೀರು, ಆಯಿಲ್ ಒಂದಕ್ಕೊಂದು ಸೇರದಂತೆ ತಡೆಯುವುದು ಅದರ ಕೆಲಸ. ಅದು ಸುಟ್ಟು ನೀರು ಆಯಿಲ್‌ಗೆ ಸೇರಿದರೆ ಡಿಪ್‌ಸ್ಟಿಕ್‌ನಲ್ಲಿ ಮಜ್ಜಿಗೆ ಕಾಣುತ್ತದೆ. ಹಾಗೇ ಓಡಿಸಿದರೆ ಬೇರಿಂಗ್, ಕ್ರ್ಯಾಂಕ್‌ಶಾಫ್ಟ್‌ಗೂ ಕುತ್ತು...

ಒಂದೇ ಲಾರಿ ಇಟ್ಟುಕೊಂಡವನ ಗತಿ ನೋಡಿ. ಲಕ್ಷ್ಮೇಶ್ವರದಲ್ಲಿ ಉಳ್ಳಾಗಡ್ಡಿ ತುಂಬಿ ಬೆಂಗಳೂರಿನ ಯಶವಂತಪುರಕ್ಕೆ ಹೊರಟವನು ಮಳೆಗಾಲದಲ್ಲಿ ದಾರಿ ಮಧ್ಯೆ ನಿಂತರೆ ಮಾಲು ಕೊಳೆಯುತ್ತದೆ, ಬಾಡಿಗೆ ಹೋಗುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ! 2000ರ ದಶಕದಲ್ಲಿ ಹೊಸಪೇಟೆಯಿಂದ ಗದಗ, ಹುಬ್ಬಳ್ಳಿ ದಾಟಿ ಬೇಲೇಕೇರಿ ಬಂದರಿಗೆ ಹೋಗುತ್ತಿದ್ದ ಅದಿರಿನ ಲಾರಿಗಳದ್ದು ಇನ್ನೊಂದು ಕಥೆ. ಮಿತಿಮೀರಿ ಹೇರಿದಷ್ಟೂ ಎಂಜಿನ್ ಹೆಚ್ಚು ಕಾಯುತ್ತದೆ.

ಲಾರಿ ಕಾಯುತ್ತದೆ ಅಂತ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು ಹಳೇ ಉಪಾಯ. ನನಗದು ಒಪ್ಪಿಗೆಯಿಲ್ಲ. ಎಂಜಿನ್ ಹದ ಬಿಸಿಗೆ ಬರದೆ ಸಿಲಿಂಡರ್ ಬೇಗ ಸವೆಯುತ್ತದೆ, ಒಳಗಿನ ಪದರ ಅಲ್ಲೇ ಇರುತ್ತದೆ. ನಿಜವಾದ ಮುನ್ನೆಚ್ಚರಿಕೆ ಬೇರೆ. ರೇಡಿಯೇಟರ್ ತೊಳೆಸಿ, ಡಿಸ್ಟಿಲ್ಡ್ ನೀರಿನ ಜೊತೆ ಕೂಲಂಟ್ ಹಾಕಬೇಕು. ಹೋಸ್ ಪೈಪ್, ಫ್ಯಾನ್ ಬೆಲ್ಟ್ ಹರಿಯುವ ಮೊದಲೇ ಬದಲಿಸಬೇಕು. ಹೆಡ್ ಬಿಚ್ಚಿದಾಗಲೆಲ್ಲ ಹೊಸ ಗ್ಯಾಸ್ಕೆಟ್ ಹಾಕಿ, ಕಂಪನಿ ಹೇಳಿದ ಕ್ರಮದಲ್ಲಿ ನಡುವಿನಿಂದ ಹೊರಕ್ಕೆ ಬೋಲ್ಟ್ ಬಿಗಿಯಬೇಕು.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳ ತುಂಬ ಸೆನ್ಸರ್‌ಗಳಿವೆ. ಆದರೆ ಅವು ಕಾದ ಮೇಲೆ ಕೂಗುತ್ತವೆ, ಸವಳು ನೀರು ಹಾಕುವಾಗ ಕೈ ಹಿಡಿಯುವುದಿಲ್ಲ. ದಸರೆಯಲ್ಲಿ ಖಂಡೇಪೂಜೆಗೆ ಹೇಗೂ ಲಾರಿ ತೊಳೆದು ಗಾಲಿಗೆ ನಿಂಬೆಹಣ್ಣು ಇಡುತ್ತೇವಲ್ಲ, ಅವತ್ತೇ ರೇಡಿಯೇಟರ್ ಮುಚ್ಚಳ ತೆಗೆದು ಒಳಗೂ ನೋಡಿಬಿಡಿ. ಎಂಜಿನ್ ತಣ್ಣಗಿದ್ದಾಗ ಮಾತ್ರ, ಮತ್ತೆ!