ಗಂಡನ ಅವಧಿ, ಹೆಂಡತಿಯ ಸರದಿ

ಸೂಳೆಕೆರೆಗೆ ಸಮೀಪದ ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ಚೆನ್ನಮ್ಮಾಜಿಯಿಂದ ಎಂಬ ಪ್ರತೀತಿಯಿದೆ. ಪತಿ ಸೋಮಶೇಖರ ನಾಯಕನ ನಂತರ 1672ರಲ್ಲಿ ಪಟ್ಟವೇರಿದ ಆಕೆ ಸುಮಾರು 25 ವರ್ಷ ಆಳಿದಳು. ಔರಂಗಜೇಬನಿಗೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತಳು.

ಅರಸೊತ್ತಿಗೆಗೆ ಅವಧಿಯ ಮಿತಿಯಿರಲಿಲ್ಲ. ಮಿತಿಯಿರುವ ಗಣರಾಜ್ಯಗಳಲ್ಲಿ ಪತಿಯ ಅವಧಿಯನ್ನು ಪತ್ನಿಯ ಲೆಕ್ಕಕ್ಕೂ ಸೇರಿಸಬೇಕೆ? ಅಮೆರಿಕದ 1951ರ ತಿದ್ದುಪಡಿ ಒಬ್ಬರೇ ಎರಡಕ್ಕಿಂತ ಹೆಚ್ಚು ಬಾರಿ ಅಧ್ಯಕ್ಷರಾಗಿ ಆಯ್ಕೆಯಾಗದಂತೆ ತಡೆಯುತ್ತದೆ. ಪತಿ-ಪತ್ನಿಯರ ಮಾತೇ ಅಲ್ಲಿಲ್ಲ. ಗ್ವಾಟೆಮಾಲಾದ ಸಂವಿಧಾನವಾದರೋ ಅಧಿಕಾರದಲ್ಲಿರುವ ಅಧ್ಯಕ್ಷರ ಹತ್ತಿರದ ಬಂಧುಗಳನ್ನೂ ತಡೆಯುತ್ತದೆ. 2011ರಲ್ಲಿ ಸಾಂಡ್ರಾ ಟೊರೆಸ್ ಅಧ್ಯಕ್ಷ ಪತಿಯಿಂದ ವಿಚ್ಛೇದನ ಪಡೆದರೂ ನ್ಯಾಯಾಲಯ ಅವರ ಸ್ಪರ್ಧೆಗೆ ಒಪ್ಪಲಿಲ್ಲ.

ಅಧಿಕಾರ ಒಂದೇ ಮನೆಯಲ್ಲಿ ಬೇರೂರಬಾರದೆಂಬ ಕಾಳಜಿ ಸರಿಯೇ. ಆದರೆ ಹೆಂಡತಿ ಎಂಬ ಕಾರಣಕ್ಕೇ ಬಾಗಿಲು ಮುಚ್ಚಿದರೆ ಚೆನ್ನಮ್ಮಾಜಿಯಂಥವರೂ ಹೊರಗುಳಿಯುತ್ತಾರೆ. ಮತದಾರರಿರುವ ಕಡೆ ಆ ತೀರ್ಪು ಮತಪೆಟ್ಟಿಗೆಗೇ ಸೇರಿದ್ದು.